ಬೈಟ್ ಎಲ್ಲಿಯವರೆಗೆ ಬಂತು? ಎಂಬೆಡೆಡ್ ಲಿನಕ್ಸ್ ಬೋರ್ಡ್‌ನಲ್ಲಿ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಕೈಕೊಟ್ಟಾಗ

ಪುಣೆಯಲ್ಲಿ ಫ್ಯಾಕ್ಟರಿ ಮತ್ತು ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಭೋಸರಿಗೋ ಚಾಕಣಕ್ಕೋ ಹೋಗಿ ಯಾವುದಾದರೂ ಫ್ಯಾಕ್ಟರಿಯ ಒಳಗೆ ಒಂದು ಸುತ್ತು ಹಾಕಿ. ತೂಕದ ಯಂತ್ರ, ವಿದ್ಯುತ್ ಮೀಟರ್, ಟೆಂಪರೇಚರ್ ಕಂಟ್ರೋಲರ್, ಹಳೇ ಸಿಎನ್‌ಸಿ ಯಂತ್ರ, ಇವುಗಳ ಹಿಂದೆ ಇವತ್ತಿಗೂ ಸೀರಿಯಲ್ ಪೋರ್ಟ್, ಅಂದರೆ ಡೇಟಾವನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಕಿಂಡಿ, ಇರುತ್ತದೆ. ಆರ್‌ಎಸ್-232 ಅನ್ನುವ ಮಾನಕ ಬಂದದ್ದು 1960ರಲ್ಲಿ. ಆರ್‌ಎಸ್-485 ಬಂದದ್ದು 1983ರಲ್ಲಿ. ಎರಡೂ ಇನ್ನೂ ದುಡಿಯುತ್ತಿವೆ. ಆದರೆ ನಾವು ಪಕ್ಕದಲ್ಲಿ ತಂದಿಡುವ ಚಿಕ್ಕ ಲಿನಕ್ಸ್ ಬೋರ್ಡ್‌ಗೆ ಬೇಕಾದಷ್ಟು ಸೀರಿಯಲ್ ಪೋರ್ಟ್ ಇರುವುದಿಲ್ಲ, ಯುಎಸ್‌ಬಿ ಇರುತ್ತದೆ. ಹಾಗಾಗಿ ನಡುವೆ ಒಂದು ಅಡಾಪ್ಟರ್ ಬರುತ್ತದೆ. ಇವತ್ತಿನ ಮಾತು ಆ ಅಡಾಪ್ಟರ್ ಬಗ್ಗೆ.

ಅದು ಕೆಲಸ ಮಾಡದಿದ್ದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕೇಬಲ್ ಬದಲಿಸುತ್ತೇವೆ. ಬಾಡ್ ರೇಟ್, ಅಂದರೆ ಬಿಟ್ ಕಳಿಸುವ ವೇಗ, ಬದಲಿಸುತ್ತೇವೆ. ಬೋರ್ಡ್ ರೀಬೂಟ್ ಮಾಡುತ್ತೇವೆ. ಮೂರನ್ನೂ ಒಟ್ಟಿಗೇ ಮಾಡುತ್ತೇವೆ. ಹೇಗೋ ಸರಿಹೋಯ್ತು ಅಂದುಕೊಳ್ಳಿ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ. ವಾರ ಬಿಟ್ಟು ಅದೇ ಸೈಟ್‌ನಿಂದ ಮತ್ತೆ ಫೋನ್ ಬರುತ್ತದೆ, ಅಲ್ವಾ?

ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಬೈಟ್ ಎಲ್ಲಿಯವರೆಗೆ ಬಂತು? ಯಂತ್ರದಿಂದ ಹೊರಟ ಒಂದು ಬೈಟ್ ತಂತಿಯಲ್ಲಿ ಬರಬೇಕು, ಅಡಾಪ್ಟರ್‌ನ ಚಿಪ್ ಒಳಗೆ ಹೋಗಬೇಕು, ಯುಎಸ್‌ಬಿ ದಾಟಬೇಕು, ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಡ್ರೈವರ್‌ಗೆ ಸಿಗಬೇಕು, ಟಿಟಿವೈ ಅನ್ನುವ ಪದರ ದಾಟಬೇಕು, ಆಮೇಲೆ ನಿಮ್ಮ ಪ್ರೋಗ್ರಾಂ ಕೈಗೆ ಬರಬೇಕು. ಎಲ್ಲೋ ಒಂದು ಕಡೆ ಅದು ಕಳೆದುಹೋಗಿದೆ. ಯಾವ ಕಡೆ ಅಂತ ಮೊದಲು ಗೊತ್ತಾಗಲಿ. ರಿಪೇರಿ ಆಮೇಲೆ.

ಶುರು ಮಾಡುವುದು ಡಿಮೆಸೇಜ್‌ನಿಂದ, ಅಂದರೆ ಕರ್ನಲ್‌ನ ಲಾಗ್ ತೋರಿಸುವ ಕಮಾಂಡ್‌ನಿಂದ. ಅಡಾಪ್ಟರ್ ಕಿತ್ತು, ಮತ್ತೆ ಚುಚ್ಚಿ, ಕರ್ನಲ್ ಏನು ಹೇಳಿತು ಓದಿ. ಏನೂ ಹೇಳದಿದ್ದರೆ ಸೀರಿಯಲ್ ಬಗ್ಗೆ ಯೋಚನೆ ಮಾಡುವುದೇ ಬೇಡ, ತೊಂದರೆ ಯುಎಸ್‌ಬಿ ಕಡೆ ಇದೆ. ಎಂಬೆಡೆಡ್ ಬೋರ್ಡ್‌ಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಇದೆ. ಕೆಲವು ಪೋರ್ಟ್‌ಗಳು ಎರಡು ವೇಷ ಹಾಕಬಲ್ಲವು: ತಾವೇ ಯಜಮಾನ (ಹೋಸ್ಟ್) ಆಗಬಹುದು, ಅಥವಾ ಲ್ಯಾಪ್‌ಟಾಪ್‌ಗೆ ಚುಚ್ಚುವ ಸಾಧನ (ಪೆರಿಫೆರಲ್) ಆಗಬಹುದು. ಬೋರ್ಡ್‌ನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಡಿಆರ್-ಮೋಡ್ ಅನ್ನುವ ಒಂದು ಸಾಲು ಇದನ್ನು ತೀರ್ಮಾನಿಸುತ್ತದೆ. ಅಲ್ಲಿ ಪೆರಿಫೆರಲ್ ಅಂತಿದ್ದರೆ ನೀವು ಯಾವ ಅಡಾಪ್ಟರ್ ಚುಚ್ಚಿದರೂ ಬೋರ್ಡ್ ಸುಮ್ನೆ ಕೂತಿರುತ್ತದೆ. ಹೋಸ್ಟ್ ಅಂತ ಆಗಬೇಕು. ಆ ಪೋರ್ಟ್‌ನಲ್ಲಿ 5 ವೋಲ್ಟ್ ಹೊರಗೆ ಬರುತ್ತಿದೆಯಾ ಅಂತ ಮೀಟರ್ ಹಿಡಿದೂ ನೋಡಿ.

ಕರ್ನಲ್ ಏನೋ ಹೇಳಿತು, ಆದರೆ ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ಪರಿಚಯ) ಓದಲಾಗಲಿಲ್ಲ, ಎರರ್ ಮೈನಸ್ 71 ಅಂದಿತು ಅಂತಿಟ್ಟುಕೊಳ್ಳಿ. ಅಥವಾ ಮೈನಸ್ 110. ಮೊದಲನೆಯದು ಪ್ರೋಟೋಕಾಲ್ ದೋಷ, ಎರಡನೆಯದು ಕಾದು ಕಾದು ಉತ್ತರ ಬಾರದಿದ್ದದ್ದು. ಎರಡಕ್ಕೂ ನಾನು ಮೊದಲು ಅನುಮಾನ ಪಡುವುದು ಕೇಬಲ್ ಮತ್ತು ಪವರ್. ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ ಕೊಡಬೇಕಾದದ್ದು 500 ಮಿಲಿಆಂಪ್‌ವರೆಗೆ ಮಾತ್ರ. ಒಂದೇ ಹಬ್‌ಗೆ 4ಜಿ ಮೋಡೆಮ್, ಪೆನ್‌ಡ್ರೈವ್, ಎರಡು ಅಡಾಪ್ಟರ್ ನೇತುಹಾಕಿ, ಹಬ್‌ಗೆ ಬೇರೆ ಪವರ್ ಕೊಡದಿದ್ದರೆ ಮೋಡೆಮ್ ಸಿಗ್ನಲ್ ಹುಡುಕುವ ಹೊತ್ತಿಗೆ ಸರಿಯಾಗಿ ಅಡಾಪ್ಟರ್ ಮಾಯವಾಗುತ್ತದೆ. ಡಿಮೆಸೇಜ್‌ನಲ್ಲಿ ಸಮಯ ಇರುತ್ತದೆ. ಮೋಡೆಮ್‌ನ ಲಾಗ್ ಪಕ್ಕದಲ್ಲಿಟ್ಟು ಎರಡರ ಸಮಯ ಹೋಲಿಸಿ ನೋಡಿ.

ಮುಂದಿನದು ಡ್ರೈವರ್. ಎಲ್‌ಎಸ್‌ಯುಎಸ್‌ಬಿ ಅಂತ ಕೊಟ್ಟರೆ ಅಡಾಪ್ಟರ್‌ನ ಐಡಿ ಕಾಣುತ್ತದೆ. ನಾಲ್ಕು ಐಡಿಗಳು ನಿಮಗೆ ಬಾಯಿಪಾಠ ಇರಲಿ. 0403:6001 ಅಂದರೆ ಸ್ಕಾಟ್ಲೆಂಡ್‌ನ ಎಫ್‌ಟಿಡಿಐ ಕಂಪನಿಯ ಚಿಪ್. 067ಬಿ:2303 ಪ್ರೊಲಿಫಿಕ್. 10ಸಿ4:ಇಎ60 ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102. 1ಎ86:7523 ಚೀನಾದ ಸಿಎಚ್340. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಅಡಾಪ್ಟರ್ ಕೊಳ್ಳುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹೊರಗಿನ ಪ್ಲಾಸ್ಟಿಕ್ ನೋಡಿ ಒಳಗಿನ ಚಿಪ್ ಯಾವುದು ಅಂತ ಹೇಳೋಕೆ ಆಗಲ್ಲ. ಹೋದ ಸಲ ತಂದದ್ದೇ ಈ ಸಲವೂ ಸಿಕ್ಕಿದೆ ಅಂತ ನಂಬಬೇಡಿ, ಐಡಿ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಬೋರ್ಡ್‌ನಲ್ಲಿ ಓಡಲ್ಲ. ಈ ದೂರು ನನಗೆ ತುಂಬಾ ಜಾಸ್ತಿ ಬರುತ್ತದೆ. ಕಾರಣ ಹೆಚ್ಚಾಗಿ ಸರಳ. ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ. ಬೋರ್ಡ್‌ಗೆ ಯೋಕ್ಟೋದಲ್ಲೋ ಬಿಲ್ಡ್‌ರೂಟ್‌ನಲ್ಲೋ ಇಮೇಜ್ ಕಟ್ಟುವವರು ಜಾಗ ಉಳಿಸೋಕೆ ಬೇಡದ್ದನ್ನು ತೆಗೆದಿರುತ್ತಾರೆ. ಕರ್ನಲ್‌ನ ಕಾನ್ಫಿಗ್ ಬೋರ್ಡ್ ಒಳಗೇ ಇಟ್ಟಿದ್ದರೆ ಪ್ರೋಕ್ ಫೋಲ್ಡರ್‌ನ ಕಾನ್ಫಿಗ್ ಡಾಟ್ ಜಿಜೆಡ್ ತೆಗೆದು ಯುಎಸ್‌ಬಿ ಸೀರಿಯಲ್ ಸಾಲುಗಳನ್ನು ನೋಡಿ. ವೈ ಅಂತಿದ್ದರೆ ಕರ್ನಲ್ ಒಳಗೇ ಇದೆ. ಎಮ್ ಅಂತಿದ್ದರೆ ಮಾಡ್ಯೂಲ್ ಫೈಲ್ ಬೋರ್ಡ್ ಮೇಲೆ ಇರಲೇಬೇಕು. ಇಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಕರ್ನಲ್ ಮಾತ್ರ ಹೊಸದು ಹಾಕಿ, ಮಾಡ್ಯೂಲ್‌ಗಳು ಹಳೇವೇ ಉಳಿದಿರುತ್ತವೆ. ಯುನೇಮ್ ಮೈನಸ್ ಆರ್ ಹೇಳುವ ಆವೃತ್ತಿಯ ಹೆಸರಿನ ಫೋಲ್ಡರ್ ಲಿಬ್ ಮಾಡ್ಯೂಲ್ಸ್ ಒಳಗೆ ಇದೆಯಾ ನೋಡಿ. ಇಲ್ಲದಿದ್ದರೆ ಮಾಡ್ಯೂಲ್ ಲೋಡ್ ಆಗುವ ಮಾತೇ ಇಲ್ಲ.

ಡ್ರೈವರ್ ಇದೆ, ಪೋರ್ಟ್ ಹೆಸರೂ ಬಂತು, ಆದರೂ ಬೋರ್ಡ್‌ನಲ್ಲಿ ಡೇಟಾ ಕೆಟ್ಟು ಬರುತ್ತದೆ. ಇದು ಇನ್ನೂ ಸೂಕ್ಷ್ಮ. ಚಿಪ್ ತಯಾರಕರು ಕೊಟ್ಟ ಹಳೇ 3.x ಕರ್ನಲ್ ಇರುವ ಬೋರ್ಡ್‌ಗಳು ಇನ್ನೂ ಸಾಕಷ್ಟಿವೆ. ಸಿಎಚ್340 ಚಿಪ್ ನಡೆಸುವ ಆ ಕಾಲದ ಸಿಎಚ್341 ಡ್ರೈವರ್‌ಗೆ ಪ್ಯಾರಿಟಿ (ತಪ್ಪು ಹಿಡಿಯಲು ಪ್ರತಿ ಬೈಟ್‌ಗೆ ಸೇರಿಸುವ ಒಂದು ಬಿಟ್) ಹೊಂದಿಸಲು ಬರುತ್ತಿರಲಿಲ್ಲ. ನೀವು ಈವನ್ ಪ್ಯಾರಿಟಿ ಕೇಳುತ್ತೀರಿ, ಚಿಪ್‌ಗೆ ಆ ಮಾತು ಮುಟ್ಟುವುದೇ ಇಲ್ಲ. ಮೀಟರ್, ಕಂಟ್ರೋಲರ್‌ಗಳ ಜೊತೆ ಮಾತಾಡಲು ಬಳಸುವ ಮಾಡ್‌ಬಸ್ ಪ್ರೋಟೋಕಾಲ್‌ನ ಮಾನಕದಲ್ಲಿ ಡಿಫಾಲ್ಟ್ ಇರುವುದೇ ಈವನ್ ಪ್ಯಾರಿಟಿ! ಲ್ಯಾಪ್‌ಟಾಪ್‌ನ ಹೊಸ ಕರ್ನಲ್‌ನಲ್ಲಿ ಅದೇ ಅಡಾಪ್ಟರ್ ಸರಿಯಾಗಿ ನಡೆಯುತ್ತದೆ. ಇಂಥ ಕಡೆ ಗಂಟೆಗಟ್ಟಲೆ ಕೇಬಲ್ ತಿರುವಿ ಏನೂ ಪ್ರಯೋಜನ ಇಲ್ಲ. ಕರ್ನಲ್ ಹೊಸದು ಮಾಡಬೇಕು, ಇಲ್ಲವೇ ಬೇರೆ ಚಿಪ್ ಇರುವ ಅಡಾಪ್ಟರ್ ಹಾಕಬೇಕು.

ಪೋರ್ಟ್ ಕಾಣಿಸಿ, ಕೂಡಲೇ ಮಾಯವಾದರೆ? ಡೆಬಿಯನ್, ಉಬುಂಟು ಆಧಾರದ ಬೋರ್ಡ್ ಆದರೆ ಬೇರೆ ಯಾರೋ ಪೋರ್ಟ್ ಹಿಡಿಯುತ್ತಿದ್ದಾರಾ ನೋಡಿ. ಉಬುಂಟು 22.04ರಲ್ಲಿ ಸಿಎಚ್340 ಚುಚ್ಚಿದವರಿಗೆ ಇದು ಚೆನ್ನಾಗಿ ಗೊತ್ತು. ಬ್ರೈಲ್ ಲಿಪಿಯ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಅನ್ನುವ ಸೇವೆ, ಇದು ತನ್ನದೇ ಸಾಧನ ಅಂದುಕೊಂಡು ಎತ್ತಿಕೊಳ್ಳುತ್ತಿತ್ತು. ಕಾಣದವರಿಗೆ ತುಂಬಾ ಬೇಕಾದ ಸೇವೆ ಅದು. ತಪ್ಪು ಆದದ್ದು ಐಡಿ ಹೊಂದಾಣಿಕೆಯಲ್ಲಿ. ಹಾಗೆಯೇ ಮೋಡೆಮ್ ಮ್ಯಾನೇಜರ್ ಅನ್ನುವ ಸೇವೆ. ಹೊಸ ಪೋರ್ಟ್ ಮೋಡೆಮ್ ಇರಬಹುದಾ ಅಂತ ಪರೀಕ್ಷಿಸಲು ಅದು ಎಟಿ ಆದೇಶಗಳನ್ನು ಕಳಿಸಿ ನೋಡಬಹುದು. ಆಚೆ ಕಡೆ ಇರುವುದು ಒಂದು ಯಂತ್ರದ ಕಂಟ್ರೋಲರ್ ಆಗಿದ್ದರೆ ಅದಕ್ಕೆ ಬೇಡದ ಅಕ್ಷರಗಳು ಹೋದವು ಅಂತಲೇ ಅರ್ಥ. ಸಾಧನ ಚುಚ್ಚಿದಾಗ ಏನಾಗಬೇಕು ಅಂತ ತೀರ್ಮಾನಿಸುವ ಯುಡೆವ್ ಸೇವೆಯಲ್ಲಿ ನಿಮ್ಮ ಸಾಧನಕ್ಕೆ ಒಂದು ನಿಯಮ ಬರೆದು ಅದನ್ನು ದೂರ ಇಡಬಹುದು.

ಈಗ ತಂತಿ ಕಡೆಗೆ ಬರೋಣ. ಅಡಾಪ್ಟರ್‌ನ ಡಿಬಿ9 ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್ ಸೇರಿಸಿ, ಕಳಿಸಿದ್ದು ವಾಪಸ್ ಬರುತ್ತಾ ನೋಡುವ ಪರೀಕ್ಷೆ ನಿಮಗೆಲ್ಲ ಗೊತ್ತು. ಲೂಪ್‌ಬ್ಯಾಕ್. ನಾನು ಇದನ್ನು ಯಾವಾಗಲೂ ಮಾಡುತ್ತೇನೆ. ಆದರೆ ಅದು ಏನನ್ನು ತೋರಿಸುತ್ತದೆ ಅನ್ನುವುದು ಸ್ಪಷ್ಟವಾಗಿರಬೇಕು. ನಿಮ್ಮ ಪ್ರೋಗ್ರಾಂನಿಂದ ಕನೆಕ್ಟರ್‌ವರೆಗೆ ದಾರಿ ಇದೆ, ಅಷ್ಟೇ. ಬಾಡ್ ರೇಟ್ ತಪ್ಪಿದ್ದರೂ ಲೂಪ್‌ಬ್ಯಾಕ್ ಪಾಸಾಗುತ್ತದೆ, ಏಕೆಂದರೆ ಕಳಿಸುವುದೂ ಕೇಳುವುದೂ ಒಂದೇ ಚಿಪ್, ತಪ್ಪು ಎರಡೂ ಕಡೆ ಒಂದೇ. ಪ್ಯಾರಿಟಿ ತಪ್ಪಿದ್ದರೂ ಪಾಸಾಗುತ್ತದೆ. ವೋಲ್ಟೇಜ್ ತಪ್ಪಿದ್ದರೂ ಪಾಸಾಗುತ್ತದೆ. ಆರ್‌ಎಸ್-232ರಲ್ಲಿ ಸಂಕೇತ 3ರಿಂದ 15 ವೋಲ್ಟ್‌ವರೆಗೆ, ಪ್ಲಸ್ ಮತ್ತು ಮೈನಸ್ ಎರಡೂ ಕಡೆ ಹೋಗುತ್ತದೆ. 1 ಅಂದರೆ ಮೈನಸ್. ಟಿಟಿಎಲ್ ಅಡಾಪ್ಟರ್‌ನಲ್ಲಿ 0 ಮತ್ತು 3.3 ಅಥವಾ 5 ವೋಲ್ಟ್, 1 ಅಂದರೆ ಮೇಲಿನ ವೋಲ್ಟೇಜ್. ಒಂದನ್ನು ಇನ್ನೊಂದಕ್ಕೆ ನೇರ ಜೋಡಿಸಿದರೆ ಮಾತು ಉಲ್ಟಾ ಆಗುತ್ತದೆ, ಜೊತೆಗೆ ಬೋರ್ಡ್‌ನ ಪಿನ್ ಸುಟ್ಟೂ ಹೋಗಬಹುದು. ಏನೂ ಕಳಿಸದೆ ಇರುವಾಗ ಟಿಎಕ್ಸ್ (ಕಳಿಸುವ ಪಿನ್) ಮತ್ತು ಗ್ರೌಂಡ್ ನಡುವೆ ಮೀಟರ್ ಇಡಿ. ಮೈನಸ್ ಬಂದರೆ ಆರ್‌ಎಸ್-232. ಪ್ಲಸ್ 3.3 ಅಥವಾ 5 ಬಂದರೆ ಟಿಟಿಎಲ್. ಅರ್ಧ ನಿಮಿಷದ ಕೆಲಸ ಇದು.

ಆರ್‌ಎಸ್-485ಗೆ ಬಂದರೆ ಎ, ಬಿ ಅನ್ನುವ ಎರಡು ತಂತಿ. ಯಾವುದನ್ನು ಎ ಅನ್ನಬೇಕು ಅನ್ನುವುದರಲ್ಲೇ ತಯಾರಕರಲ್ಲಿ ಒಮ್ಮತ ಇಲ್ಲ. ಆದ್ದರಿಂದ ಉತ್ತರ ಬಾರದಿದ್ದರೆ ಅದಲುಬದಲು ಮಾಡಿ ನೋಡುವುದರಲ್ಲಿ ತಪ್ಪೇನಿಲ್ಲ, ಏನೂ ಕೆಡುವುದಿಲ್ಲ. ಸಾಲಿನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಇರಬೇಕು. ಪವರ್ ಆಫ್ ಮಾಡಿ ಎ-ಬಿ ನಡುವೆ ಅಳೆಯಿರಿ. ಸುಮಾರು 60 ಓಮ್ ಬಂದರೆ ಎರಡೂ ಇವೆ. 120 ಬಂದರೆ ಒಂದೇ ಇದೆ. 40 ಬಂದರೆ ಯಾರೋ ನಡುವಿನ ಮೀಟರ್‌ನಲ್ಲೂ ಒಂದು ಹಾಕಿದ್ದಾರೆ.

ತಂತಿ ಮುಗೀತು. ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕು ಅಂದುಕೊಂಡದ್ದು ಟಿಟಿವೈ ಪದರದಲ್ಲಿ. ಇದನ್ನು ನಮ್ಮ ಕಡೆ ಯಾರೂ ಸರಿಯಾಗಿ ಕಲಿಸುವುದಿಲ್ಲ.

ಭೋಸರಿ ಕಡೆಯ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದ ಉದಾಹರಣೆ ಕೊಡುತ್ತೇನೆ. ಅಲ್ಲಿ ಚಿಲ್ಲರ್‌ನ ನೀರಿನ ಉಷ್ಣತೆಯನ್ನು ಬೋರ್ಡ್ ಮಾಡ್‌ಬಸ್‌ನಲ್ಲಿ ಓದುತ್ತಿತ್ತು. 16 ಡಿಗ್ರಿ ಬರುತ್ತದೆ, 18 ಬರುತ್ತದೆ, 20 ಬರುತ್ತದೆ. 17 ಆದಾಗ ಟೈಮ್‌ಔಟ್. 19 ಆದಾಗ ಟೈಮ್‌ಔಟ್. 13ಕ್ಕೆ ಇಳಿದಾಗ ಸಿಆರ್‌ಸಿ (ಸಂದೇಶ ಸರಿಯಾಗಿ ಬಂತೇ ಅಂತ ನೋಡಲು ಕೊನೆಗೆ ಸೇರಿಸುವ ತಾಳೆ ಸಂಖ್ಯೆ) ತಪ್ಪು. ಅಲ್ಲಿನವರು ಸೆನ್ಸರ್ ಬದಲಿಸಿದ್ದರು, ಕೇಬಲ್ ಎಳೆಸಿದ್ದರು. ಸೆನ್ಸರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಯೋಚನೆ ಮಾಡಿ. 17 ಅನ್ನುವುದು ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, 11. ಅದು ಎಕ್ಸ್-ಆನ್ ಅಕ್ಷರ. 19 ಹೆಕ್ಸ್‌ನಲ್ಲಿ 13. ಅದು ಎಕ್ಸ್-ಆಫ್, ಅಂದರೆ ಕಳಿಸುವುದನ್ನು ನಿಲ್ಲಿಸು ಅನ್ನುವ ಆಜ್ಞೆ. ಲಿನಕ್ಸ್‌ನ ಟಿಟಿವೈ ಹುಟ್ಟಿದ್ದು ಟರ್ಮಿನಲ್ ಮುಂದೆ ಕೂತು ಟೈಪ್ ಮಾಡುವ ಮನುಷ್ಯರಿಗಾಗಿ. ಕಂಟ್ರೋಲ್-ಎಸ್ ಒತ್ತಿದರೆ ಪರದೆ ನಿಲ್ಲಬೇಕು, ಕಂಟ್ರೋಲ್-ಕ್ಯೂ ಒತ್ತಿದರೆ ಮುಂದುವರಿಯಬೇಕು. ಐಎಕ್ಸ್‌ಆನ್ ಅನ್ನುವ ಸೆಟ್ಟಿಂಗ್ ಚಾಲೂ ಇದ್ದರೆ ಆ ಎರಡು ಬೈಟ್‌ಗಳನ್ನು ಅದು ಆಜ್ಞೆ ಅಂತ ತೆಗೆದುಕೊಂಡು ನುಂಗಿಬಿಡುತ್ತದೆ, ಪ್ರೋಗ್ರಾಂಗೆ ಕೊಡುವುದಿಲ್ಲ. ಕೆಲವು ಚಿಪ್‌ಗಳಲ್ಲಿ ಎಕ್ಸ್-ಆಫ್ ಬಂದಮೇಲೆ ನಾವು ಕಳಿಸುವುದೂ ನಿಂತುಬಿಡುತ್ತದೆ. ಇನ್ನು 13. ಅದು ಕ್ಯಾರೇಜ್ ರಿಟರ್ನ್, ನಮ್ಮ ಎಂಟರ್ ಕೀ. ಐಸಿಆರ್‌ಎನ್‌ಎಲ್ ಸೆಟ್ಟಿಂಗ್ ಇದ್ದರೆ ಅದು 10 ಆಗಿ ಬದಲಾಗುತ್ತದೆ. ಉದ್ದ ಸರಿ ಇರುತ್ತದೆ, ಸಿಆರ್‌ಸಿ ತಾಳೆಯಾಗುವುದಿಲ್ಲ. ಆ ಘಟಕದಲ್ಲಿ ಬೇರೆ ಉಷ್ಣತೆಯಲ್ಲೂ ಆಗೊಮ್ಮೆ ಈಗೊಮ್ಮೆ ತಪ್ಪು ಬರುತ್ತಿತ್ತು. ಅದಕ್ಕೂ ಇದೇ ಕಾರಣ. ಸಿಆರ್‌ಸಿಯ ಎರಡು ಬೈಟ್‌ಗಳಲ್ಲೇ ಒಂದು ಹೆಕ್ಸ್ 11 ಅಥವಾ 13 ಆದರೂ ಸಾಕು.

ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಇನ್ನೂ ಹೆಚ್ಚಿನದ್ದು ಕಾದಿದೆ. ಮಾಡ್‌ಬಸ್‌ನಲ್ಲಿ ರಿಜಿಸ್ಟರ್ ಓದುವ ಫಂಕ್ಷನ್ ಕೋಡ್ 3. ಬೈಟ್ 3 ಅಂದರೆ ಓಡುವ ಪ್ರೋಗ್ರಾಂ ನಿಲ್ಲಿಸುವ ಕಂಟ್ರೋಲ್-ಸಿ! ಐಎಸ್‌ಐಜಿ ಚಾಲೂ ಇದ್ದರೆ ಟಿಟಿವೈ ಅದನ್ನು ನುಂಗುವುದಷ್ಟೇ ಅಲ್ಲ, ಅಲ್ಲಿಯವರೆಗೆ ಬಂದದ್ದನ್ನೂ ಚೆಲ್ಲಿಬಿಡುತ್ತದೆ. ಎಕೋ ಚಾಲೂ ಇದ್ದರೆ ಬಂದ ಡೇಟಾವನ್ನು ಅದೇ ತಂತಿಗೆ ವಾಪಸ್ ಕಳಿಸುತ್ತದೆ. ಹಾಗಾಗಿ ಸುಮ್ನೆ ಕ್ಯಾಟ್ ಕಮಾಂಡ್‌ನಿಂದ ಪೋರ್ಟ್ ಓದಿ, ಏನೂ ಬರ್ತಿಲ್ಲ, ತಂತಿ ಹೋಗಿದೆ ಅಂತ ತೀರ್ಪು ಕೊಡಬೇಡಿ. ಮೊದಲು ಎಸ್‌ಟಿಟಿವೈ ಕಮಾಂಡ್‌ನಿಂದ ಪೋರ್ಟನ್ನು ರಾ ಮಾಡಿ (ಬೈಟ್‌ಗಳನ್ನು ಮುಟ್ಟದೆ ಹಾಗೇ ಕೊಡುವಂತೆ), ಎಕೋ ತೆಗೆಯಿರಿ, ಬಾಡ್ ರೇಟ್ ಪ್ಯಾರಿಟಿ ಕೊಡಿ. ಆಮೇಲೆ ಹೆಕ್ಸ್‌ಡಂಪ್ ಮೂಲಕ ಓದಿ. ಸಿ ಭಾಷೆಯಲ್ಲಿ ಬರೆಯುವವರು ಸಿಎಫ್‌ಮೇಕ್‌ರಾ ಬಳಸಿ, ಒಂದೊಂದೇ ಫ್ಲಾಗ್ ನೆನಪಿನಿಂದ ತೆಗೆಯಬೇಡಿ. ಆ ಚಿಲ್ಲರ್ ಪ್ರೋಗ್ರಾಂನಲ್ಲಿ ಆದದ್ದೂ ಅದೇ. ಸಾಲು ಸಾಲಾಗಿ ಓದುವುದನ್ನು, ಎಕೋವನ್ನು, ಕಂಟ್ರೋಲ್-ಸಿಯನ್ನು ತೆಗೆದಿದ್ದರು. ಒಳಬರುವ ಕಡೆಯ ಎರಡು ಫ್ಲಾಗ್ ಉಳಿದುಹೋಗಿದ್ದವು.

ಎಕ್ಸ್-ಆನ್, ಎಕ್ಸ್-ಆಫ್‌ನಂತೆ ಕಳಿಸು, ನಿಲ್ಲಿಸು ಅಂತ ಹೇಳುವುದಕ್ಕೆ ಫ್ಲೋ ಕಂಟ್ರೋಲ್ ಅಂತ ಹೆಸರು, ಇದೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಿನಿಕಾಮ್ ಅನ್ನುವ ಟರ್ಮಿನಲ್ ಪ್ರೋಗ್ರಾಂನಲ್ಲಿ ಬಂದದ್ದು ಕಾಣುತ್ತದೆ, ನೀವು ಟೈಪ್ ಮಾಡಿದ್ದು ಹೋಗುವುದಿಲ್ಲ ಅಂದರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದೆಯಾ ನೋಡಿ. ಅದು ಆನ್ ಇದ್ದರೆ ಕಳಿಸಬಹುದು ಅನ್ನುವ ಸಿಟಿಎಸ್ ಸಂಕೇತಕ್ಕಾಗಿ ಕಾಯುತ್ತದೆ, ಮೂರು ತಂತಿಯ ಕೇಬಲ್‌ನಲ್ಲಿ ಅದು ಎಲ್ಲಿಂದ ಬರಬೇಕು?

ಬೈಟ್‌ಗಳು ಸರಿಯಾಗಿ ಬರುತ್ತಿವೆ, ಆದರೆ ತಡವಾಗಿ, ತುಂಡು ತುಂಡಾಗಿ ಬರುತ್ತಿವೆ ಅನ್ನುವುದು ಇನ್ನೊಂದು ದೂರು. ಪುಣೆಯ ಸಿಕ್ಸ್ ಸೀಟರ್ ರಿಕ್ಷಾ ನೆನಪಿಸಿಕೊಳ್ಳಿ. ಸೀಟು ತುಂಬಿದರೆ ಹೊರಡುತ್ತದೆ, ತುಂಬದಿದ್ದರೂ ಸ್ವಲ್ಪ ಹೊತ್ತು ಕಾದು ಹೊರಡುತ್ತದೆ. ಎಫ್‌ಟಿಡಿಐ ಚಿಪ್ ಮಾಡುವುದೂ ಹಾಗೆಯೇ. ಯುಎಸ್‌ಬಿ ಫುಲ್ ಸ್ಪೀಡ್‌ನ 64 ಬೈಟ್ ಪ್ಯಾಕೆಟ್‌ನಲ್ಲಿ 2 ಬೈಟ್ ಸ್ಥಿತಿ ಹೇಳೋಕೆ ಹೋಗುತ್ತದೆ, 62 ಬೈಟ್ ಡೇಟಾಗೆ ಉಳಿಯುತ್ತದೆ. 62 ತುಂಬಬೇಕು, ಇಲ್ಲವೇ ಲೇಟೆನ್ಸಿ ಟೈಮರ್ ಮುಗಿಯಬೇಕು. ಆ ಟೈಮರ್ ಡಿಫಾಲ್ಟ್ ಆಗಿ 16 ಮಿಲಿಸೆಕೆಂಡ್. 9600 ಬಾಡ್‌ನಲ್ಲಿ ಒಂದು ಬೈಟ್‌ಗೆ 10 ಬಿಟ್ ಹಿಡಿದರೆ ಸೆಕೆಂಡಿಗೆ 960 ಬೈಟ್. ಅಂದರೆ 16 ಮಿಲಿಸೆಕೆಂಡಿನಲ್ಲಿ ಬರುವುದು ಸುಮಾರು 15 ಬೈಟ್. ಹಾಗಾದರೆ 25 ಬೈಟ್‌ನ ಒಂದು ಉತ್ತರ ನಿಮ್ಮ ಪ್ರೋಗ್ರಾಂಗೆ ಎರಡು ತುಂಡಾಗಿ, ನಡುವೆ ಹಲವು ಮಿಲಿಸೆಕೆಂಡ್ ಅಂತರದಲ್ಲಿ ಸಿಗುತ್ತದೆ. ತಂತಿ ಮೇಲೆ ಮಾತ್ರ ಅದು ಒಂದೇ ಉಸಿರಿನಲ್ಲಿ ಬಂದಿತ್ತು.

ಇದರಿಂದ ಏನು ತೊಂದರೆ? ಮಾಡ್‌ಬಸ್ ಆರ್‌ಟಿಯುನಲ್ಲಿ ಮೂರೂವರೆ ಅಕ್ಷರದಷ್ಟು ಹೊತ್ತು ಮೌನ ಇದ್ದರೆ ಸಂದೇಶ ಮುಗಿಯಿತು ಅಂತ ಲೆಕ್ಕ. 9600ರಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ನಿಮ್ಮ ಪ್ರೋಗ್ರಾಂ ಈ ಮೌನವನ್ನೇ ನಂಬಿ ಬರೆದಿದ್ದರೆ ಅರ್ಧ ಸಂದೇಶಕ್ಕೇ ಮುಗಿಯಿತು ಅಂದುಕೊಂಡು ಸಿಆರ್‌ಸಿ ತಪ್ಪು ಅನ್ನುತ್ತದೆ. ಯುಎಸ್‌ಬಿ ಈಚೆ ಕೂತು ಮೌನ ಅಳೆಯಬೇಡಿ. ಉತ್ತರದ ಉದ್ದ ಮೊದಲ ಮೂರು ಬೈಟ್‌ನಲ್ಲೇ ಗೊತ್ತಾಗುತ್ತದೆ, ಅಷ್ಟು ಬರುವವರೆಗೆ ಓದಿ. ಜೊತೆಗೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ ಸಿಸ್ ಫೋಲ್ಡರ್) ಆ ಪೋರ್ಟ್‌ನ ಲೇಟೆನ್ಸಿ ಟೈಮರ್ ಫೈಲ್‌ಗೆ 1 ಅಂತ ಬರೆದರೆ ವೇಗವೂ ಸಿಗುತ್ತದೆ. ಒಂದು ಸಾಲಿಗೆ 30 ವಿದ್ಯುತ್ ಮೀಟರ್‌ಗಳನ್ನು ಜೋಡಿಸಿದ್ದರೆ ಪ್ರತಿ ಸುತ್ತಿಗೆ ಸುಮಾರು ಅರ್ಧ ಸೆಕೆಂಡ್‌ವರೆಗೆ ಉಳಿಯಬಹುದು.

ಚಾಕಣದಂಥ ಕಡೆ ದೊಡ್ಡ ಮೋಟಾರ್, ಮೋಟಾರ್ ವೇಗ ಬದಲಿಸುವ ವಿಎಫ್‌ಡಿ ಡ್ರೈವ್‌ಗಳ ಪಕ್ಕ ನಮ್ಮ ಬೋರ್ಡ್ ಇರುತ್ತದೆ. ಮೋಟಾರ್ ಶುರುವಾದಾಗ ಅಡಾಪ್ಟರ್ ಬಿದ್ದುಹೋಗುತ್ತದೆ. ಕರ್ನಲ್ ಇದನ್ನು ನೇರವಾಗಿಯೇ ಹೇಳುತ್ತದೆ: ಹಬ್ ಈ ಪೋರ್ಟನ್ನು ಬಂದ್ ಮಾಡಿತು, ಇಎಮ್‌ಐ (ವಿದ್ಯುತ್ಕಾಂತೀಯ ಅಡಚಣೆ) ಇರಬಹುದೇ ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಲಾಗ್ ಬರೆಯುತ್ತದೆ. ಆ ಸಾಲು ಕಂಡರೆ ಸಾಫ್ಟ್‌ವೇರ್ ಮುಟ್ಟಬೇಡಿ. ಯುಎಸ್‌ಬಿ ಕೇಬಲ್ ಗಿಡ್ಡ ಮಾಡಿ. ಉದ್ದ ಬೇಕಾದರೆ ಆರ್‌ಎಸ್-485 ಕಡೆ ಉದ್ದ ಮಾಡಿ, ಅದು 1200 ಮೀಟರ್‌ವರೆಗೂ ಹೋಗಬಲ್ಲದು. ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಓಡಿಸಬೇಡಿ. ಎರಡು ಬದಿಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸಿದ ಐಸೊಲೇಟೆಡ್ ಅಡಾಪ್ಟರ್‌ಗೆ ಜಾಸ್ತಿ ದುಡ್ಡು ಅಂತ ಮಾಲೀಕರು ಹಿಂದೇಟು ಹಾಕಿದರೂ ಇಂಥ ಜಾಗದಲ್ಲಿ ಅದನ್ನೇ ಕೇಳಿ ಹಾಕಿಸಿ. ಎರಡು ಪ್ಯಾನೆಲ್‌ಗಳ ಗ್ರೌಂಡ್ ನಡುವೆ ವ್ಯತ್ಯಾಸ ಇದ್ದರೆ ಸಾಮಾನ್ಯ ಅಡಾಪ್ಟರ್ ಸುಡುತ್ತದೆ, ಕೆಲವೊಮ್ಮೆ ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ.

ಹೀಗೆ ಬಿದ್ದ ಅಡಾಪ್ಟರ್ ತಾನೇ ಎದ್ದು ಬರುತ್ತದೆ. ಆದರೆ ಅದರ ಪೋರ್ಟ್ ಹೆಸರು ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ1 ಆಗಿ ಬರುತ್ತದೆ. ಯಾಕೆ? ನಿಮ್ಮ ಪ್ರೋಗ್ರಾಂ ಹಳೇ ಪೋರ್ಟನ್ನು ಇನ್ನೂ ತೆರೆದಿಟ್ಟುಕೊಂಡಿದೆ, ಹಾಗಾಗಿ ಆ ಸಂಖ್ಯೆ ಖಾಲಿ ಆಗಿಲ್ಲ. ಪೋರ್ಟ್ ಹೋದಮೇಲೆ ರೀಡ್ ಸೊನ್ನೆ ಕೊಡುತ್ತದೆ, ರೈಟ್ ಇಐಓ ಎರರ್ ಕೊಡುತ್ತದೆ. ಸೊನ್ನೆ ಬಂದರೆ ಡೇಟಾ ಇಲ್ಲ ಅಂದುಕೊಂಡು ಮತ್ತೆ ಮತ್ತೆ ಓದುವ ಪ್ರೋಗ್ರಾಂಗಳು ಬಹಳ ಇವೆ. ಸಿಪಿಯು ನೂರಕ್ಕೆ ನೂರು ಓಡುತ್ತದೆ, ಡೇಟಾ ಇಲ್ಲ. ಪೋಲ್ ಬಳಸಿದರೆ ಹ್ಯಾಂಗಪ್ ಅನ್ನುವ ಸೂಚನೆ ಸಿಗುತ್ತದೆ. ಅದು ಬಂದಾಗ ಪೋರ್ಟ್ ಮುಚ್ಚಿ, ತುಸು ಕಾದು, ಮತ್ತೆ ತೆರೆಯಿರಿ. ತೆರೆಯುವಾಗ ಸಂಖ್ಯೆಯಿಂದ ಬೇಡ, ಡೆವ್ ಸೀರಿಯಲ್ ಒಳಗಿನ ಬೈ-ಐಡಿ ಅಥವಾ ಬೈ-ಪಾತ್ ಹೆಸರಿನಿಂದ ತೆರೆಯಿರಿ. ಸಿಎಚ್340ರಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ. ಅಂಥವು ಎರಡು ಇದ್ದರೆ ಬೈ-ಐಡಿಯಲ್ಲಿ ಬೇರೆ ಬೇರೆಯಾಗಿ ಗುರುತು ಸಿಗುವುದಿಲ್ಲ, ಬೈ-ಪಾತ್ ಬಳಸಿ ಮತ್ತು ಯಾವುದು ಯಾವ ಪೋರ್ಟ್‌ಗೆ ಅಂತ ಡಬ್ಬಿ ಮೇಲೆ ಚೀಟಿ ಅಂಟಿಸಿ.

ಕೊನೆಗೆ ಸಭೆಯಿಂದ ಒಬ್ಬರು ಕೇಳಿದರು: ಇಷ್ಟೆಲ್ಲ ಯಾಕೆ ಸರ್, ದಿನಾ ರಾತ್ರಿ ಬೋರ್ಡ್ ರೀಬೂಟ್ ಆಗುವಂತೆ ಇಟ್ಟರೆ ಆಗಲ್ವಾ? ರೀಬೂಟ್ ಆದರೂ ಹಲವು ಬೋರ್ಡ್‌ಗಳಲ್ಲಿ ಯುಎಸ್‌ಬಿಯ 5 ವೋಲ್ಟ್ ಹೋಗುವುದೇ ಇಲ್ಲ. ಚಿಪ್ ಸಿಕ್ಕಿಹಾಕಿಕೊಂಡಿದ್ದರೆ ಹಾಗೇ ಇರುತ್ತದೆ. ಮೇಲಾಗಿ ಡಿಮೆಸೇಜ್ ಅಳಿಸಿಹೋಗಿ, ಏನಾಯ್ತು ಅಂತ ತಿಳಿಯುವ ಇದ್ದೊಂದು ದಾರಿಯೂ ಹೋಗುತ್ತದೆ. ಆ ಒಂದು ಅಡಾಪ್ಟರನ್ನು ಮಾತ್ರ ಮೇಲೆತ್ತಬೇಕಾದರೆ ಸಿಸ್‌ಎಫ್‌ಎಸ್‌ನಲ್ಲಿ ಅದರ ಆಥರೈಸ್ಡ್ ಫೈಲ್‌ಗೆ 0 ಬರೆದು, ಆಮೇಲೆ 1 ಬರೆಯಿರಿ. ಕಿತ್ತು ಚುಚ್ಚಿದಂತೆ ಕರ್ನಲ್ ಅದನ್ನು ಹೊಸದಾಗಿ ಹೊಂದಿಸುತ್ತದೆ. ನಿಜವಾಗಿ ಪವರ್ ತೆಗೆದು ಕೊಡಬೇಕಾದರೆ ಪ್ರತಿ ಪೋರ್ಟ್‌ಗೂ ಪ್ರತ್ಯೇಕ ಸ್ವಿಚ್ ಇರುವ ಹಬ್ ಬೇಕು, ಅಂಥದ್ದನ್ನು ಯುಹಬ್‌ಸಿಟಿಎಲ್ ಅನ್ನುವ ಪ್ರೋಗ್ರಾಂನಿಂದ ಆನ್-ಆಫ್ ಮಾಡಬಹುದು. ಹಬ್ ಕೊಳ್ಳುವ ಮೊದಲೇ ಅದು ಈ ಸೌಲಭ್ಯ ಇರುವ ಮಾದರಿಯೇ ಅಂತ ನೋಡಿಕೊಳ್ಳಿ, ಮಾರುಕಟ್ಟೆಯ ಹೆಚ್ಚಿನ ಹಬ್‌ಗಳಲ್ಲಿ ಅದು ಇರುವುದಿಲ್ಲ.